ಗ್ರಾಫಿಕ್ ಡಿಸೈನ್ ಪಿಎಚ್.ಡಿ. ಪ್ರಬಂಧಕ್ಕೆ ದಾವಣಗೆರೆಯಲ್ಲೊಂದು ಮುದ್ರಣ, ಬೈಂಡಿಂಗ್ ಅಂಗಡಿ

ಇತಿಹಾಸದ ಅಥವಾ ಅರ್ಥಶಾಸ್ತ್ರದ ಪಿಎಚ್.ಡಿ. ಪ್ರಬಂಧ ಸ್ವಲ್ಪ ಮಂಕಾಗಿ ಅಚ್ಚಾದರೂ ಅದರ ವಾದಕ್ಕೆ ಧಕ್ಕೆಯಾಗುವುದಿಲ್ಲ. ಗ್ರಾಫಿಕ್ ಡಿಸೈನ್ ಪ್ರಬಂಧದ ಪಾಡು ಬೇರೆ. ಅಕ್ಷರದ ಆಕಾರ, ಬಣ್ಣ, ಸಾಲುಗಳ ನಡುವಿನ ಅಂತರ ಇವೇ ಅಲ್ಲಿ ಆಧಾರಗಳಾದ್ದರಿಂದ, ಅಚ್ಚಿನಲ್ಲಿ ಅವು ಕೆಟ್ಟರೆ ಪರೀಕ್ಷಕರ ಮುಂದೆ ಆಧಾರವೇ ಇಲ್ಲದಂತಾಗುತ್ತದೆ. ದಾವಣಗೆರೆಯ ಅಶೋಕ ರಸ್ತೆಯಿಂದ ಒಳಕ್ಕೆ ತಿರುಗುವ ಓಣಿಯೊಂದರಲ್ಲಿ, ಫಲಕದ ಮೇಲೆ ‘ಡಿ.ಟಿ.ಪಿ., ಥೀಸಿಸ್ ಬೈಂಡಿಂಗ್’ ಎಂದಷ್ಟೇ ಬರೆಸಿಕೊಂಡಿರುವ ಅಂಗಡಿಯಲ್ಲಿ ನನ್ನ ಪ್ರಬಂಧದ ಪ್ರತಿಗಳನ್ನು ಸಿದ್ಧಪಡಿಸಿಕೊಂಡೆ. ಈ ವಿಷಯದಲ್ಲಿ ಸಂಶೋಧನೆ ಮಾಡುತ್ತಿರುವ ಅಥವಾ ಮಾಡಬೇಕೆಂದಿರುವ ಮಧ್ಯ ಕರ್ನಾಟಕದವರಿಗೆ ಉಪಯೋಗವಾಗಲೆಂದು ಅಲ್ಲಿನ ಕೆಲಸದ ಗುಣದೋಷಗಳನ್ನು ಬರೆಯುತ್ತಿದ್ದೇನೆ.

ವಿನ್ಯಾಸಕ್ಕೆಂದೇ ಇರುವ ಸಂಸ್ಥೆಗಳಲ್ಲಿ, ಅಂದರೆ 1961ರಲ್ಲಿ ಆರಂಭವಾದ ಅಹಮದಾಬಾದಿನ ಎನ್.ಐ.ಡಿ.ಯಲ್ಲೋ 1969ರಲ್ಲಿ ಶುರುವಾದ ಬಾಂಬೆ ಐ.ಐ.ಟಿ.ಯ ಐ.ಡಿ.ಸಿ.ಯಲ್ಲೋ, ಪಿಎಚ್.ಡಿ. ಮಾಡುವವರ ದಾರಿ ಬೇರೆ. ನೌಕರಿ, ಮನೆ, ಮಕ್ಕಳು ಎಂದು ಜಿಲ್ಲೆಯಲ್ಲೇ ಉಳಿದವರು ಸಾಮಾನ್ಯವಾಗಿ ದೃಶ್ಯಕಲೆಯ ಅಡಿಯಲ್ಲಿ ನೋಂದಾಯಿಸಿಕೊಂಡು, ಆನ್ವಯಿಕ ಕಲೆಯ ಅಂಗವಾಗಿ ಗ್ರಾಫಿಕ್ ಡಿಸೈನ್ ಅಧ್ಯಯನ ಮಾಡುತ್ತಾರೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯು.ಜಿ.ಸಿ.) 2022ರ ನಿಯಮದ ಪ್ರಕಾರ ಕೋರ್ಸ್‌ವರ್ಕ್ ಸೇರಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷದ ಅವಧಿಯ ಈ ಕೆಲಸ ಕೊನೆಗೆ ಬಂದು ನಿಲ್ಲುವುದು ಇಂಥ ಅಂಗಡಿಗಳ ಮೇಜಿನ ಮೇಲೆಯೇ. ಆದ್ದರಿಂದ ಅಂಗಡಿಯ ಆಯ್ಕೆಯನ್ನು ಕಡೆಯ ವಾರಕ್ಕೆ ಬಿಡುವುದು ಸರಿಯಲ್ಲ.

ನನ್ನ ವಿಷಯ ದಾವಣಗೆರೆ ಮತ್ತು ಚಿತ್ರದುರ್ಗದ ಪೇಟೆಬೀದಿಗಳಲ್ಲಿ ಕೈಯಿಂದ ಬರೆದ ಅಂಗಡಿ ಫಲಕಗಳ ಕನ್ನಡ ಅಕ್ಷರಗಳು. ಫ್ಲೆಕ್ಸ್ ಬಂದ ಮೇಲೆ ಉಳಿದಿರುವ ಫಲಕಗಳು ಕಡಿಮೆ. ಉಳಿದವುಗಳ ಬಣ್ಣವೂ ಬಿಸಿಲಿಗೆ ಮಾಸಿದೆ. ಪೇಂಟರ್ ಕುಂಚವನ್ನು ಎಲ್ಲಿ ಒತ್ತಿದ, ತಲೆಕಟ್ಟನ್ನು ಎಲ್ಲಿ ಎತ್ತಿ ಬಿಟ್ಟ, ನೆರಳಿನ ಗೆರೆಯನ್ನು ಯಾವ ಬದಿಗೆ ಎಳೆದ ಎಂಬುದು ಛಾಯಾಚಿತ್ರದಲ್ಲಿ ಕಾಣದಿದ್ದರೆ ನನ್ನ ಮೂರನೆಯ ಅಧ್ಯಾಯಕ್ಕೆ ಅರ್ಥವೇ ಇರುತ್ತಿರಲಿಲ್ಲ. ಹೀಗಾಗಿ ಈ ಅಂಗಡಿಯಲ್ಲಿ ನಾನು ಮೊದಲು ಗಮನಿಸಿದ್ದು ಬಣ್ಣದ ಕೆಲಸವನ್ನು.

ಪರದೆಯ ಮೇಲೆ ಬೆಳಕಿನಿಂದ ಮೂಡುವ ಬಣ್ಣ ಬೇರೆ, ಕಾಗದದ ಮೇಲೆ ನಾಲ್ಕು ಬಣ್ಣಗಳ ಪುಡಿಯಿಂದ ಮೂಡುವ ಬಣ್ಣ ಬೇರೆ. ಇದು ಮುದ್ರಣದವರಿಗೆಲ್ಲ ಗೊತ್ತಿರುವ ಸಂಗತಿಯಾದರೂ, ಗಿರಾಕಿ ಕೇಳುವ ಮೊದಲೇ ಅದನ್ನು ಹೇಳುವವರು ವಿರಳ. ಫಲಕಗಳ ಎನಾಮೆಲ್ ಕೆಂಪು ಇದ್ದ ಪುಟವನ್ನು ನೋಡಿದ ಮಾಲೀಕರು, “ಮೇಡಂ, ಈ ಕೆಂಪು ನಮ್ಮ ಮಷೀನಲ್ಲಿ ಹಿಂಗ ಬರಂಗಿಲ್ಲ, ಇಟ್ಟಿಗೆ ಬಣ್ಣಕ್ಕೆ ಹೋಗ್ತತಿ. ಒಂದು ಪುಟ ತೆಗೆದು ತೋರಿಸ್ತೀನಿ, ನೋಡಿ ಹೇಳ್ರಿ” ಎಂದರು. ತೋರಿಸಿದರು ಕೂಡ. ಅದೇ ಚಿತ್ರವನ್ನು ಸಾಮಾನ್ಯ ಬಾಂಡ್ ಕಾಗದದ ಮೇಲೂ ಹೊಳಪಿಲ್ಲದ ಆರ್ಟ್ ಕಾಗದದ ಮೇಲೂ ತೆಗೆದು, ಎರಡನ್ನೂ ಬಾಗಿಲ ಬಳಿಯ ಹಗಲು ಬೆಳಕಿಗೆ ಹಿಡಿದರು. ಬಾಂಡ್ ಕಾಗದದಲ್ಲಿ ಕುಂಚದ ಗೆರೆಗಳು ಒಂದರೊಳಗೊಂದು ಸೇರಿಹೋಗಿದ್ದರೆ, ಆರ್ಟ್ ಕಾಗದದಲ್ಲಿ ಒಂದೊಂದು ಎಳೆಯೂ ಬಿಡಿಯಾಗಿ ನಿಂತಿತ್ತು. ಕೆಂಪು ಪೂರ್ತಿ ಸರಿಹೋಗಲಿಲ್ಲ, ಆದರೆ ಹೋಲಿಸಲು ಬೇಕಾದಷ್ಟು ಹತ್ತಿರ ಬಂತು. ಚಿತ್ರಪುಟಗಳಿಗೆ ಮಾತ್ರ ಆ ಕಾಗದ ಬಳಸಿ, ಉಳಿದದ್ದಕ್ಕೆ ಬಾಂಡ್ ಸಾಕೆಂದು ಸಲಹೆ ಕೊಟ್ಟು ಖರ್ಚನ್ನೂ ಅವರೇ ಇಳಿಸಿದರು.

ಈ ಅಂಗಡಿಯ ಬಗ್ಗೆ ನನ್ನಲ್ಲಿ ನಿಜವಾದ ಗೌರವ ಹುಟ್ಟಿಸಿದ್ದು ಒಂದು ಶಾಸನದ ಚಿತ್ರ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿರುವ, ಶಾಸನತಜ್ಞ ಬಿ.ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನದ ಕೊನೆಯಲ್ಲಿ ಬರೆದವನ ಹೆಸರು ಚಪಡ ಎಂದಿದೆ. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿದ್ದರೆ, ತಾನು ಲಿಪಿಕಾರ ಎಂದು ಹೇಳುವ ಕೊನೆಯ ಪದವನ್ನು ಅವನು ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಕೊರೆದಿದ್ದಾನೆ. ನಮ್ಮ ಸೀಮೆಯಲ್ಲಿ ಅಕ್ಷರ ಬರೆಯುವವನೊಬ್ಬ ತನ್ನ ವೃತ್ತಿಯನ್ನು ಹೀಗೆ ದಾಖಲಿಸಿದ್ದಾನೆಂಬ ಸಂತೋಷದಿಂದ ನಾನು ಪೀಠಿಕೆಯನ್ನು ಅಲ್ಲಿಂದಲೇ ಆರಂಭಿಸಿದ್ದೇನೆ. ಬಂಡೆಯ ಮೇಲಿನ ಕೊರೆತ ಆಳವಿಲ್ಲದ್ದರಿಂದ ಸಾದಾ ಮುದ್ರಣದಲ್ಲಿ ಕಾಣುವುದು ಬರೀ ಬೂದು ಕಲ್ಲು. ಅಂಗಡಿಯ ಹುಡುಗನೊಬ್ಬ ಚಿತ್ರದ ಬಣ್ಣ ತೆಗೆದು, ನೆರಳಿನ ಭಾಗವನ್ನಷ್ಟೇ ಸ್ವಲ್ಪ ಗಾಢಗೊಳಿಸಿ, ಅಕ್ಷರಗಳ ಮೇಲೆ ಒಂದು ಗೆರೆಯನ್ನೂ ಹೊಸದಾಗಿ ಎಳೆಯದೆ ಅವನ್ನು ಕಾಣುವಂತೆ ಮಾಡಿದ. ಗೆರೆ ಎಳೆದಿದ್ದರೆ ಅದು ಆಧಾರವನ್ನು ತಿದ್ದಿದಂತೆ ಆಗುತ್ತಿತ್ತು. ಆ ಸೂಕ್ಷ್ಮ ಅವನಿಗೆ ಹೇಳಿಕೊಡದೆಯೇ ತಿಳಿದಿತ್ತು.

ಅಕ್ಷರಜೋಡಣೆಯ ವಿಷಯಕ್ಕೆ ಬಂದರೆ, ಜಿಲ್ಲೆಯ ಬಹುತೇಕ ಡಿ.ಟಿ.ಪಿ. ಕೇಂದ್ರಗಳಂತೆ ಇಲ್ಲಿಯೂ ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಗಳಿಗೂ ತಮ್ಮದೇ ಸಂಕೇತ ಕೊಡುವ ವ್ಯವಸ್ಥೆ) ಅಲ್ಲದ ಫಾಂಟುಗಳ ರೂಢಿ ಇದೆ. ಆ ಫಾಂಟುಗಳಲ್ಲಿ ಕನ್ನಡದ ತುಣುಕುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕುಳಿತಿರುವುದರಿಂದ ಕಾಗದದ ಮೇಲೆ ಎಲ್ಲವೂ ಚೆನ್ನಾಗಿ ಕಂಡರೂ, ಪಿ.ಡಿ.ಎಫ್.ನಲ್ಲಿ ಒಂದು ಪದ ಹುಡುಕಲು ಹೋದರೆ ಸಿಗುವುದಿಲ್ಲ. ಇದು ಸಣ್ಣ ವಿಷಯವಲ್ಲ: ಪದವಿ ದೊರೆತ ಪ್ರತಿ ಪ್ರಬಂಧದ ಸಾಫ್ಟ್ ಕಾಪಿಯೂ ಇನ್‌ಫ್ಲಿಬ್‌ನೆಟ್‌ನ ಶೋಧಗಂಗಾ ಎಂಬ ಪ್ರಬಂಧಗಳ ಡಿಜಿಟಲ್ ಭಂಡಾರವನ್ನು ಸೇರಬೇಕು, ಅಲ್ಲಿ ಹುಡುಕಿದಾಗ ಸಿಗದ ಪ್ರಬಂಧ ಮುಂದಿನ ಸಂಶೋಧಕರ ಪಾಲಿಗೆ ಇದ್ದೂ ಇಲ್ಲದಂತೆ. ನಾನು ಯೂನಿಕೋಡ್‌ನಲ್ಲೇ ಆಗಬೇಕೆಂದಾಗ ಮಾಲೀಕರ ಹೆಂಡತಿ, ಟೈಪಿಂಗ್ ನೋಡಿಕೊಳ್ಳುವವರು ಅವರೇ, ಒಪ್ಪಿಕೊಂಡರು. ಹಳೆಯ ಅಧ್ಯಾಯಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿದಾಗ ಅರ್ಕಾವೊತ್ತುಗಳು ಅಲ್ಲಲ್ಲಿ ಸ್ಥಾನ ತಪ್ಪಿ ‘ವರ್ಣ’, ‘ಮಾರ್ಗ’ದಂಥ ಪದಗಳು ಒಡೆದಿದ್ದವು, ಅವರು ಮೂಲ ಪ್ರತಿಯನ್ನು ಪಕ್ಕಕ್ಕಿಟ್ಟುಕೊಂಡು ಸಾಲುಸಾಲಾಗಿ ಓದಿ ತಿದ್ದಿದರು. ಇನ್‌ಡಿಸೈನ್ ಎಂಬ ಪುಟವಿನ್ಯಾಸದ ತಂತ್ರಾಂಶ ಬಳಸುವ ಸಂಶೋಧಕರು ವರ್ಲ್ಡ್ ರೆಡಿ ಕಂಪೋಸರ್ ಆಯ್ಕೆಯನ್ನು ತಾವೇ ಹಾಕಿ ಕಡತ ತರುವುದು ಒಳ್ಳೆಯದು. ಅದಿಲ್ಲದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತವೆ, ಮತ್ತು ಅಂಗಡಿಯವರಿಗೆ ಆ ತಂತ್ರಾಂಶದ ಪರಿಚಯ ಅಷ್ಟಕ್ಕಷ್ಟೆ.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಪ್ರಬಂಧ ಬೇರೆ ಬರಹಗಳನ್ನು ಎಷ್ಟು ಹೋಲುತ್ತದೆಂದು ತೋರಿಸುವ ‘ಪರ್ಸೆಂಟೇಜ್ ಇಳಿಸಿಕೊಡುತ್ತೇವೆ’ ಎನ್ನುವವರು, ಇಡೀ ಅಧ್ಯಾಯವನ್ನೇ ಬರೆದುಕೊಡುತ್ತೇವೆ ಎನ್ನುವವರು ಎಲ್ಲ ಊರುಗಳಲ್ಲೂ ಇದ್ದಾರೆ. ಯು.ಜಿ.ಸಿ.ಯ 2018ರ ಕೃತಿಚೌರ್ಯ ನಿಯಮದ ಪ್ರಕಾರ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡವಿಲ್ಲ, ಶೇ. 60 ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ಆ ಭಯವನ್ನು ಬಂಡವಾಳ ಮಾಡಿಕೊಳ್ಳುವ ವ್ಯಾಪಾರ ಇದು. ನಾನು ಅಂಗಡಿಯಲ್ಲಿ ಕುಳಿತಿದ್ದಾಗಲೇ ಒಬ್ಬರು ಬಂದು ಇಂಥದ್ದನ್ನು ಕೇಳಿದರು. “ನಾವು ಟೈಪ್ ಮಾಡಿ ಬೈಂಡ್ ಮಾಡೋರು ಸರ್, ಬರೆಯೋದು ನಿಮ್ಮದು” ಎಂದು ಮಾಲೀಕರು ಸೌಮ್ಯವಾಗಿಯೇ ಹೇಳಿ ಕಳುಹಿಸಿದರು. ಸಂಶೋಧನೆಯ ಮೇಲೆ ಪ್ರೀತಿ ಇರುವ ಯಾರಿಗಾದರೂ ಈ ಅಂಗಡಿಗೆ ಹೋಗಲು ಇದೊಂದೇ ಕಾರಣ ಸಾಕು.

ಬೈಂಡಿಂಗ್ ಗಟ್ಟಿಯಾಗಿದೆ. ಗೋಂದಿನಲ್ಲಿ ಅಂಟಿಸಿ ಮುಗಿಸದೆ ದಾರದಲ್ಲಿ ಹೊಲಿದು, ಮೇಲೆ ರೆಕ್ಸಿನ್ ಹೊದಿಸುತ್ತಾರೆ. ಎಡಗಡೆ ಒಂದೂವರೆ ಅಂಗುಲ ಅಂಚು ಬಿಟ್ಟಿದ್ದರೆ ಹೊಲಿಗೆಯ ನಂತರವೂ ಸಾಲಿನ ಮೊದಲ ಅಕ್ಷರ ಒಳಗೆ ಸಿಕ್ಕಿಕೊಳ್ಳುವುದಿಲ್ಲ. ಎ3 ಅಳತೆಯ ಬೀದಿನಕ್ಷೆಗಳನ್ನು ಪ್ರಬಂಧ ಮುಚ್ಚಿದಾಗ ಹೊರಗೆ ಇಣುಕದಂತೆ, ಬಿಚ್ಚಿದಾಗ ಹರಿಯದಂತೆ ಮಡಚಿ ಸೇರಿಸಿದ್ದಾರೆ.

ಕೊರತೆಗಳೂ ಇವೆ. ಪ್ರಬಂಧ ಸಲ್ಲಿಸುವ ಕಾಲದಲ್ಲಿ ಕೆಲಸ ಒಟ್ಟಿಗೆ ಬಂದು, ಹೇಳಿದ ದಿನಕ್ಕೆ ಪ್ರತಿ ಕೈಸೇರುವುದಿಲ್ಲ, ನನ್ನದೂ ತಡವಾಯಿತು. ದರವನ್ನು ಬಾಯಿಮಾತಿನಲ್ಲಿ ಹೇಳುತ್ತಾರೆ, ಚೀಟಿ ಕೊಡುವ ಪದ್ಧತಿ ಇಲ್ಲ. ಬಣ್ಣದ ಪುಟಗಳ ಲೆಕ್ಕ ಕೊನೆಯಲ್ಲಿ ಏರುಪೇರಾಗಬಾರದೆಂದಿದ್ದರೆ ಮೊದಲೇ ಬರೆಸಿಕೊಳ್ಳಬೇಕು.

ಹೆಚ್ಚು ಬೇಸರ ತಂದದ್ದು ಬೆನ್ನಿನ ಮೇಲಿನ ಚಿನ್ನದ ಬಣ್ಣದ ಅಕ್ಷರಗಳು. ಒಳಗೆ ಅಷ್ಟು ಶ್ರದ್ಧೆ ತೋರಿಸುವವರು ಹೊರಗೆ ಎಲ್ಲ ಪ್ರಬಂಧಗಳಿಗೂ ಒಂದೇ ದಪ್ಪ ಅಕ್ಷರವನ್ನು ಬಳಸುತ್ತಾರೆ. ಬಿಸಿ ಅಚ್ಚು ಒತ್ತಿದಾಗ ಹಾಳೆಯ ಚಿನ್ನ ಸ್ವಲ್ಪ ಹರಡಿ, ‘ವಿನ್ಯಾಸ’ದ ಯ ಒತ್ತು ಮೇಲಿನ ಅಕ್ಷರಕ್ಕೆ ಅಂಟಿಕೊಂಡು ಗುಳ್ಳೆಯಾಗಿದೆ. ಅಕ್ಷರವನ್ನೇ ಅಧ್ಯಯನ ಮಾಡಿದ ಪ್ರಬಂಧದ ಬೆನ್ನಿನ ಮೇಲೆ ಇದು ಇರಬಾರದಿತ್ತು. ಕೇಳಿದಾಗ, ಗಿರಾಕಿಯೇ ಶೀರ್ಷಿಕೆಯ ವಿನ್ಯಾಸ ಮಾಡಿ ತಂದರೆ ಪ್ರತ್ಯೇಕ ಬ್ಲಾಕ್ ಮಾಡಿಸಿ ಒತ್ತಿಕೊಡುವುದಾಗಿ ತಿಳಿಸಿದರು. ಅದರ ಖರ್ಚು ಬೇರೆ, ಬ್ಲಾಕ್ ಬರಲು ಸಮಯವೂ ಬೇಕು. ಆದ್ದರಿಂದ ಅಲ್ಲಿಗೆ ಹೋಗುವವರು ಒಳಪುಟಗಳ ಕಡತದ ಜೊತೆಯಲ್ಲೇ ಬೆನ್ನಿನ ಅಕ್ಷರಗಳನ್ನೂ, ಒತ್ತುಗಳಿಗೂ ಮೇಲಿನ ಅಕ್ಷರಕ್ಕೂ ನಡುವೆ ತುಸು ಹೆಚ್ಚು ಜಾಗ ಬಿಟ್ಟು, ತೆಳುವಾದ ಗೆರೆಯಲ್ಲಿ ಬರೆದು ಮೊದಲ ದಿನವೇ ಕೊಟ್ಟುಬಿಡಲಿ.