ಅಜ್ಜಿಯ ಒತ್ತಕ್ಷರ ಒಡೆಯದ ಎಂಜಿನ್: ಮೂರು ಗೇಮ್ ಎಂಜಿನ್ ಬಳಸಿ ನೋಡಿದ ಮೇಲೆ

ಗೇಮ್ ಎಂಜಿನ್ ಅಂದರೆ ಗೇಮ್ ಕಟ್ಟಲು ಬೇಕಾದ ಸಾಮಾನು ಒಟ್ಟಿಗಿರುವ ಸಾಫ್ಟ್‌ವೇರ್. ಮೊದಲೇ ಹೇಳಿಬಿಡುತ್ತೇನೆ, ನಾನು ನೋಡಿದ ಮೂರರಲ್ಲಿ ನಾನು ಗೋಡೋ ಪಾರ್ಟಿ. ಯಾರು ಗೆದ್ದರು ಅಂತ ತಿಳಿಯಲು ಕೊನೆವರೆಗೆ ಓದಬೇಕಾಗಿಲ್ಲ. ಆದರೆ ಗೋಡೋಗೆ ಬರುವಷ್ಟರಲ್ಲಿ ನಾನು 4,200 ರೂಪಾಯಿ ಮತ್ತು ಹೆಚ್ಚುಕಡಿಮೆ 14 ತಿಂಗಳ ರಾತ್ರಿಗಳನ್ನು ಕಳೆದುಕೊಂಡಿದ್ದೆ. ಕನ್ನಡದಲ್ಲಿ ಗೇಮ್ ಮಾಡಲು ಹೊರಟವರಿಗೆ ಆ ಕಥೆ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ನನ್ನ ಪರಿಸ್ಥಿತಿ ಇಷ್ಟು. ಹಗಲು ಮೈಸೂರಿನಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಕೆಲಸ. ಊಟ ಆಗಿ ಮಗಳು ಮಲಗಿದ ಮೇಲೆ ಒಂಬತ್ತೂವರೆಯಿಂದ ಹನ್ನೊಂದೂವರೆ ಗೇಮಿನ ಹೊತ್ತು. ಲ್ಯಾಪ್‌ಟಾಪ್ ಸೆಕೆಂಡ್ ಹ್ಯಾಂಡ್, 8 ಜಿಬಿ ಮೆಮೊರಿ, ಗ್ರಾಫಿಕ್ಸ್ ಕಾರ್ಡ್ ಇಲ್ಲ. ಮಾಡುತ್ತಿರುವುದು ಅಳಗುಳಿ ಮಣೆ. 14 ಕುಳಿ, ಕುಳಿಗೆ ನಾಲ್ಕರಂತೆ 56 ಹುಣಸೆ ಬೀಜ. ಎದುರಿಗೆ ಒಬ್ಬ ಅಜ್ಜಿ ಕೂತು ಆಡುತ್ತಾಳೆ, ಆಡುತ್ತಾ ಊರ ಸುದ್ದಿ ಹೇಳುತ್ತಾಳೆ. ಬೀಜ ಹಂಚುವ ಲೆಕ್ಕ ಬರೆಯಲು ಎರಡು ವಾರ ಸಾಕಾಯಿತು. ಗೇಮಿನ ಜೀವ ಇರುವುದು ಅಜ್ಜಿಯ ಮಾತಿನಲ್ಲಿ. ಅಂದರೆ ಪರದೆ ತುಂಬಾ ಕನ್ನಡ.

ಶುರುಮಾಡುವ ಮೊದಲು ಗೇಮ್ ಮಾಡುವ ಗೆಳೆಯರನ್ನೆಲ್ಲಾ ಕೇಳಿದ್ದೆ. ಎಲ್ಲರದ್ದೂ ಒಂದೇ ಮಾತು: 'ಯಾವ ಎಂಜಿನ್ ಆದ್ರೇನು ಗುರು, ಐಡಿಯಾ ಮುಖ್ಯ.' ಉದಾಹರಣೆಗಳೂ ರೆಡಿ ಇದ್ದವು. ಅಮೆರಿಕದ ಎರಿಕ್ ಬರೋನ್ ಒಬ್ಬನೇ ನಾಲ್ಕೂವರೆ ವರ್ಷ ಕೂತು 2016ರಲ್ಲಿ ಸ್ಟಾರ್‌ಡ್ಯೂ ವ್ಯಾಲಿ ಅನ್ನೋ ಗೇಮ್ ತಂದ. ಚಿತ್ರ, ಸಂಗೀತ, ಕೋಡ್ ಎಲ್ಲಾ ಅವನದ್ದೇ. ಟೋಬಿ ಫಾಕ್ಸ್ 2015ರಲ್ಲಿ ಅಂಡರ್‌ಟೇಲ್ ಮಾಡಿದ್ದು ಇನ್ನೊಂದು ಎಂಜಿನ್ ಆದ ಗೇಮ್‌ಮೇಕರ್‌ನಲ್ಲಿ. 2024ರಲ್ಲಿ ಬಂದ, ಇಸ್ಪೀಟ್ ಎಲೆಗಳ ಬಲಾಟ್ರೋ ಕೂಡ ಒಬ್ಬನೇ ಡೆವಲಪರ್ ಲವ್ ಅನ್ನೋ ಪುಟ್ಟ ಗೇಮ್ ಚೌಕಟ್ಟಿನಲ್ಲಿ (ಫ್ರೇಮ್‌ವರ್ಕ್) ಮಾಡಿದ್ದು. ಮೂರು ಜನ, ಮೂರು ಸಾಮಾನು, ಮೂವರೂ ಗೆದ್ದರು. ವಾದ ಸರಿಯಾಗೇ ಕಂಡಿತು.

ಆದರೆ ಆ ಮೂವರೂ ಬರೆದಿದ್ದು ಇಂಗ್ಲಿಷಿನಲ್ಲಿ. ಇಂಗ್ಲಿಷ್ ಅಕ್ಷರಗಳು ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲಾಗಿ ನಿಲ್ಲುತ್ತವೆ. ನಮ್ಮವು ಹಾಗಲ್ಲವಲ್ಲ. ಒಂದು ಇನ್ನೊಂದರ ಕಾಲಡಿ ಕೂರುತ್ತದೆ, ಒಂದು ತಲೆ ಮೇಲೆ ಹತ್ತುತ್ತದೆ, ಅರ್ಕಾವೊತ್ತು ಅಂತೂ ತನ್ನ ಜಾಗ ಬಿಟ್ಟು ಪಕ್ಕದ ಮನೆಗೆ ಹೋಗಿ ನಿಲ್ಲುತ್ತದೆ. ಇದು ನನಗೆ ಹೊಳೆಯಲು ತಿಂಗಳುಗಟ್ಟಲೆ ಹಿಡಿಯಿತು.

ಮೊದಲು ಹಿಡಿದಿದ್ದು ಲವ್. ಉಚಿತ, ಹಗುರ, ಲುವಾ ಭಾಷೆಯಲ್ಲಿ ಬರೆಯುವುದು. ಮೂರು ವಾರ ಚೆನ್ನಾಗಿತ್ತು, ಮಣೆ ಬಂತು, ಬೀಜ ಓಡಾಡಿದವು. ಆದರೆ ಅದರಲ್ಲಿ ಎಲ್ಲವನ್ನೂ ಕಣ್ಣೆದುರು ಎಳೆದು ಜೋಡಿಸುವ ಎಡಿಟರ್ ಅಂತ ಇಲ್ಲ. ಬಟನ್ ಬೇಕಾದರೂ ನೀವೇ ಬರೆಯಬೇಕು. ಅದು ಅದರ ತಪ್ಪಲ್ಲ, ಸ್ವಭಾವ. ಕೆಲವರಿಗೆ ಅದೇ ಇಷ್ಟ. ನಾನು ಹಗಲೆಲ್ಲಾ ಕೋಡ್ ನೋಡಿ ಬಂದವನು, ರಾತ್ರಿ ಚಿತ್ರವನ್ನು ಮೌಸ್‌ನಲ್ಲಿ ಎಳೆದು ಇಡುವ ಆಸೆ. ಅಜ್ಜಿಗೆ ಮಾತು ಕೊಡುವ ಹಂತಕ್ಕೆ ಬರುವ ಮೊದಲೇ ಬಿಟ್ಟೆ. 'ಲವ್ ಬಿಟ್ಟೆ' ಅಂತ ಆಫೀಸಿನಲ್ಲಿ ಹೇಳಿದ್ದಕ್ಕೆ ಒಂದು ವಾರ ತಮಾಷೆ ಕೇಳಬೇಕಾಯಿತು.

ಆಮೇಲೆ ದೊಡ್ಡದು. ಹೆಸರು ಬೇಡ, ಸುಮ್ನೆ ದೊಡ್ಡ ಎಂಜಿನ್ ಅನ್ನೋಣ. ಏನೇ ಸಂದೇಹ ಬಂದರೂ ಯಾರೋ ವೀಡಿಯೋ ಮಾಡಿರುತ್ತಾರೆ. ಅದರ ಆನ್‌ಲೈನ್ ಅಂಗಡಿಯಲ್ಲಿ ಸಿಗದ ಪ್ಲಗಿನ್ (ಎಂಜಿನ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ತುಣುಕು) ಇಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ತೆರೆಯಲು ಕೊಟ್ಟರೆ ಕಾಫಿ ಮಾಡಿ, ಕುಡಿದು, ಲೋಟ ತೊಳೆದಿಟ್ಟು ಬರಬಹುದಿತ್ತು. ಪರವಾಗಿಲ್ಲ ಅಂದುಕೊಂಡೆ. ಪಾತ್ರಗಳ ಮಾತು ತೋರಿಸಲು ಅದರ ಅಂಗಡಿಯಿಂದ ಒಂದು ಪ್ಲಗಿನ್ ಕೊಂಡೆ. ಆ 4,200 ರೂಪಾಯಿ ಹೋಗಿದ್ದು ಅದಕ್ಕೇ. ಡೆಮೋದಲ್ಲಿ ಇಂಗ್ಲಿಷ್ ಅಕ್ಷರಗಳು ಟಕ ಟಕ ಅಂತ ಒಂದೊಂದಾಗಿ ಮೂಡುತ್ತಿದ್ದವು, ನೋಡಿ ಖುಷಿಯಾಗಿತ್ತು.

ಮೊದಲ ಸಾಲು ಹಾಕಿದೆ: 'ಅಜ್ಜಿ: ಬಾ ಮಗ, ಕೂತ್ಕೋ.' ಪರದೆ ಮೇಲೆ ಬಂದಿದ್ದು 'ಅಜ್‌ಜಿ: ಬಾ ಮಗ, ಕೂತ್‌ಕೋ.'

ಫಾಂಟ್ ಸರಿ ಇಲ್ಲ ಅಂದುಕೊಂಡು ಬೇರೆ ಹಾಕಿದೆ. ನೋಟೋ ಸಾನ್ಸ್ ಕನ್ನಡ ಆಯ್ತು, ಬಾಲೂ ತಮ್ಮ ಆಯ್ತು. ಎಲ್ಲದರಲ್ಲೂ ಅದೇ. 'ಸೂರ್ಯ' ಅಂದರೆ 'ಸೂರ್‌ಯ'. 'ಸ್ತ್ರೀ' ಅಂತೂ ಮೂರು ತುಂಡು. ಊರಿಗೆ ಹೋದಾಗ ನನ್ನ ನಿಜವಾದ ಅಜ್ಜಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿ, 'ಇದೇನೋ ಮಗಾ, ಹಲ್ಲು ಬಿದ್ದೋರು ಓದಿದ ಹಾಗೆ ಬರೆದಿದೀಯಲ್ಲೋ' ಅಂದರು.

ಕಾರಣ ಆಮೇಲೆ ತಿಳಿಯಿತು. 'ಅಜ್ಜಿ' ಅನ್ನೋದು ನಮ್ಮ ಕಣ್ಣಿಗೆ ಎರಡಕ್ಷರ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಪದ್ಧತಿಯಾದ ಯೂನಿಕೋಡ್‌ನಲ್ಲಿ ಅದು ಐದು: ಅ, ಜ, ಅರ್ಧಾಕ್ಷರದ ಚಿಹ್ನೆ, ಮತ್ತೊಂದು ಜ, ಗುಡಿಸು. 'ಸ್ತ್ರೀ' ಅಂದರೆ ಆರು. ಈ ಐದಾರನ್ನು ನೋಡಿ 'ಓ, ಇಲ್ಲಿ ಜ ಒತ್ತು ಬರಬೇಕು' ಅಂತ ತಿಳಿದು ಫಾಂಟಿನಿಂದ ಸರಿಯಾದ ತುಂಡು ಆರಿಸಿ ಜೋಡಿಸುವ ಒಂದು ಕೆಲಸ ನಡುವೆ ಇದೆ. ನಿಮ್ಮ ಬ್ರೌಸರ್, ನಿಮ್ಮ ಫೋನ್ ಇದನ್ನು ಸದ್ದಿಲ್ಲದೆ ಮಾಡುತ್ತವೆ. ನಾನು ಬಳಸಿದ ಆವೃತ್ತಿಯಲ್ಲಿ, ಗೇಮಿನೊಳಗಿನ ಅಕ್ಷರಕ್ಕೆ ದೊಡ್ಡ ಎಂಜಿನ್ ಅದನ್ನು ಮಾಡುತ್ತಿರಲಿಲ್ಲ. ಸಿಕ್ಕ ಕ್ರಮದಲ್ಲಿ ಒಂದರ ಪಕ್ಕ ಒಂದು ಅಂಟಿಸುತ್ತಿತ್ತು. ಪ್ಲಗಿನ್ ಮಾರಿದವರಿಗೆ ಮೇಲ್ ಹಾಕಿದೆ. ಭಾರತೀಯ ಭಾಷೆ ನಮ್ಮ ಪಟ್ಟಿಯಲ್ಲಿಲ್ಲ ಎಂದರು. ದುಡ್ಡು ವಾಪಸ್ ಇಲ್ಲ.

ಆಗಲೇ ಬಿಡಬೇಕಿತ್ತು. ಆದರೆ ಆರು ತಿಂಗಳ ಕೆಲಸ ಅದರಲ್ಲಿ ಇತ್ತಲ್ಲ. ಉಪಾಯ ಹುಡುಕಿದೆ.

ಒಂದನೇ ಉಪಾಯ, ಹಳೇ ಕಾಲದ ಫಾಂಟು. ಡಿಟಿಪಿ ಅಂಗಡಿಯಲ್ಲಿ ಮದುವೆ ಕಾರ್ಡ್ ಮಾಡಿಸಿದವರಿಗೆ ನುಡಿ, ಬರಹದ ಫಾಂಟು ಗೊತ್ತಿರುತ್ತದೆ. ಅವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುವಂಥವು. ಜೋಡಿಸುವ ಕೆಲಸವೇ ಬೇಡ, ತುಂಡು ಪಕ್ಕ ತುಂಡು ಇಟ್ಟರೆ ಅಕ್ಷರ ಆಗುತ್ತದೆ. ಯೂನಿಕೋಡನ್ನು ಆ ರೂಪಕ್ಕೆ ಬದಲಾಯಿಸಿ ಹಾಕಿದೆ. ಅಜ್ಜಿ ಅಜ್ಜಿಯೇ ಆದಳು! ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಒಂದು ವಾರದಲ್ಲಿ ಗೊತ್ತಾಯಿತು. ನನ್ನ ಮಾತಿನ ಫೈಲ್ ತೆರೆದರೆ ಕನ್ನಡವೇ ಇಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಅಜ್ಜಿ ಎಲ್ಲಿ 'ಹಲಸಿನ ಹಣ್ಣು' ಅಂದಿದ್ದಾಳೆ ಅಂತ ನನಗೇ ಹುಡುಕಲು ಆಗದು. ಆಡುವವರು ತಮ್ಮ ಹೆಸರನ್ನು ಫೋನಿನಲ್ಲಿ ಟೈಪ್ ಮಾಡಿದರೆ ಅದು ಯೂನಿಕೋಡ್, ಈ ಫಾಂಟಿಗೆ ಅರ್ಥವಾಗದು. 'ಸುಬ್ರಹ್ಮಣ್ಯ' ಅಂತ ಬರೆದ ಗೆಳೆಯನಿಗೆ ಸಾಲಾಗಿ ಡಬ್ಬಿಗಳು ಕಂಡವು. ಟಕ ಟಕ ಮೂಡುವ ಪ್ಲಗಿನ್ ಅಂತೂ ಮೊದಲು 'ಣ' ತೋರಿಸಿ, ಒಂದು ಕ್ಷಣ ಬಿಟ್ಟು ಅದರ ಕಾಲಿಗೆ ಒತ್ತು ತಗುಲಿಸುತ್ತಿತ್ತು.

ಎರಡನೇ ಉಪಾಯ ಇನ್ನೂ ಪೆದ್ದು. ಚಿತ್ರ ಬರೆಯುವ ಸಾಫ್ಟ್‌ವೇರ್ ಆದ ಇಂಕ್‌ಸ್ಕೇಪ್‌ನಲ್ಲಿ ಪ್ರತಿ ಮಾತನ್ನೂ ಬರೆದು ಚಿತ್ರ ಮಾಡಿದೆ. 214 ಮಾತು, 214 ಚಿತ್ರ. ನೋಡಲು ಬಹಳ ಚೆಂದ. ಆಮೇಲೆ ಅಮ್ಮ ಓದಿ, 'ನಮ್ಮ ಕಡೆ ಹಿತ್ತಲು ಅನ್ನಲ್ಲ, ಹಿತ್ಲು ಅಂತೀವಿ' ಅಂದರು. ಹನ್ನೊಂದು ಕಡೆ 'ಹಿತ್ತಲು' ಇತ್ತು. ಒಂದೊಂದನ್ನು ತೆರೆದು, ತಿದ್ದಿ, ಮತ್ತೆ ಚಿತ್ರ ಮಾಡಿ, ಅದೇ ಹೆಸರಿಟ್ಟು, ಹಳೆಯದರ ಜಾಗದಲ್ಲಿ ಹಾಕುವುದು. ಎರಡು ರಾತ್ರಿ ಹೋಯಿತು. ಆಮೇಲಿಂದ ಅಜ್ಜಿಯ ಮಾತು ತಿದ್ದಲು ನಾನೇ ಹಿಂದೇಟು ಹಾಕತೊಡಗಿದೆ. ಸಪ್ಪೆ ಸಾಲು ಕಂಡರೂ 'ಇರಲಿ ಬಿಡು' ಅನ್ನುತ್ತಿದ್ದೆ. ದುಡ್ಡು ಹೋಗಿದ್ದಕ್ಕಿಂತ ಜಾಸ್ತಿ ಬೇಜಾರು ಇದರದ್ದೇ.

ಗೋಡೋ ಹೆಸರು ಕೇಳಿರಲಿಲ್ಲ ಅಂತಲ್ಲ. ಅರ್ಜೆಂಟೀನಾದ ಇಬ್ಬರು ಶುರುಮಾಡಿ, 2014ರಲ್ಲಿ ಎಲ್ಲರಿಗೂ ತೆರೆದಿಟ್ಟ ಎಂಜಿನ್. ಎಂಐಟಿ ಲೈಸೆನ್ಸ್, ಗೇಮ್ ಮಾರಿದರೂ ಅವರಿಗೆ ಪಾಲು ಕೊಡಬೇಕಾಗಿಲ್ಲ. ಹಿಂದೆ ಒಮ್ಮೆ ಮೂರನೇ ಆವೃತ್ತಿ ನೋಡಿದ್ದೆ, ಆಗ ಅಲ್ಲೂ ಕನ್ನಡ ಜೋಡಿಸುವ ವ್ಯವಸ್ಥೆ ಇರಲಿಲ್ಲ. 2023ರ ಮಾರ್ಚ್‌ನಲ್ಲಿ ನಾಲ್ಕನೇ ಆವೃತ್ತಿ ಬಂದಾಗ ಅಕ್ಷರದ ಭಾಗವನ್ನೇ ಹೊಸದಾಗಿ ಬರೆದು ಹಾರ್ಫ್‌ಬಜ್ ಅನ್ನೋ ಅಕ್ಷರ ಜೋಡಿಸುವ ಸಾಫ್ಟ್‌ವೇರ್ ಸೇರಿಸಿದ್ದರು. ಫೈರ್‌ಫಾಕ್ಸ್, ಆಂಡ್ರಾಯ್ಡ್‌ನಲ್ಲಿ ಕನ್ನಡ ಜೋಡಿಸುವುದೂ ಅದೇ. ಇದು ನನ್ನ ಕಿವಿಗೆ ತಡವಾಗಿ ಬಿತ್ತು.

ಇನ್‌ಸ್ಟಾಲ್ ಅಂತ ಇಲ್ಲ, ಒಂದೇ ಫೈಲ್, ತೆರೆದರೆ ಆಯಿತು. ಅಕ್ಷರ ತೋರಿಸುವ ಲೇಬಲ್ ಒಂದನ್ನು ಇಟ್ಟು 'ಅಜ್ಜಿ, ಸೂರ್ಯ, ಸ್ತ್ರೀ, ಲಕ್ಷ್ಮಿ' ಅಂತ ಟೈಪ್ ಮಾಡಿದೆ. ಹಾಗೇ ಬಂತು. ಫಾಂಟ್ ಕೂಡ ಹಾಕಿರಲಿಲ್ಲ, ಲ್ಯಾಪ್‌ಟಾಪಿನಲ್ಲಿ ಇದ್ದದ್ದನ್ನೇ ತೆಗೆದುಕೊಂಡಿತ್ತು. ಹೆಂಡತಿಯನ್ನು ಕರೆದು ತೋರಿಸಿದೆ. 'ಸರಿಯಾಗೇ ಇದೆಯಲ್ಲ, ಇದರಲ್ಲೇನು ವಿಶೇಷ?' ಅಂದಳು.

ಇಲ್ಲೂ ಎರಡು ಕಡೆ ಎಡವಿದೆ. ಮಾತು ಒಂದೊಂದೇ ಅಕ್ಷರವಾಗಿ ಮೂಡಿಸಿದಾಗ 'ಅ', 'ಅಜ', 'ಅಜ್', 'ಅಜ್ಜ', 'ಅಜ್ಜಿ' ಅಂತ ಅಕ್ಷರ ರೂಪ ಬದಲಿಸುತ್ತಾ ಕುಣಿಯುತ್ತಿತ್ತು. ಒಂದು ಕ್ಷಣ ಅಜ್ಜಿ ಅಜ್ಜನಾಗಿ ಹೋಗುತ್ತಿದ್ದಳು! ಹುಡುಕಿದರೆ ಅದಕ್ಕೊಂದು ಆಯ್ಕೆ ಇದೆ. ಮೂಲದಲ್ಲಿ ಅದು ಅಕ್ಷರ ಜೋಡಿಸುವ ಮೊದಲೇ ಕತ್ತರಿಸುವಂತೆ ಇರುತ್ತದೆ, ಜೋಡಿಸಿದ ಮೇಲೆ ಕತ್ತರಿಸು ಅಂತ ಬದಲಿಸಿದರೆ ಆಯಿತು. ಎರಡನೆಯದು, ಬ್ರೌಸರಿನಲ್ಲಿ ಆಡುವ ರೂಪ ಮಾಡಿ ತಂಗಿಗೆ ಕಳಿಸಿದಾಗ ಬರೀ ಡಬ್ಬಿಗಳು. ಬ್ರೌಸರಿನಲ್ಲಿ ಅದಕ್ಕೆ ಆಡುವವರ ಸಿಸ್ಟಮ್ ಫಾಂಟ್ ಸಿಗುವುದಿಲ್ಲ. ಫಾಂಟನ್ನು ಗೇಮಿನೊಳಗೇ ಇಡಬೇಕು. ನೋಟೋ ಹಾಕಿದೆ, ಮುಗಿಯಿತು. ಎರಡೂ ಸೇರಿ ಒಂದು ಸಂಜೆಯ ಕೆಲಸ.

ಉಳಿದ ಹೋಲಿಕೆ ಬೇಗ ಹೇಳುತ್ತೇನೆ. ಕಲಿಕೆ: ಪೈಥಾನ್ ಬಂದರೆ ಗೋಡೋದ ಭಾಷೆ ಒಂದು ವಾರ. ಮೂರು ಆಯಾಮದ ಭಾರಿ ಗೇಮ್: ನನಗೆ ಬೇಡ, ಆದ್ದರಿಂದ ಹೇಳಲಾರೆ. ಆಂಡ್ರಾಯ್ಡ್‌ಗೆ ಕಟ್ಟುವುದು: ಜಾವಾ, ಎಸ್‌ಡಿಕೆ ಅನ್ನೋ ಆ್ಯಪ್ ಕಟ್ಟುವ ಸಾಮಾನು ಎಲ್ಲಾ ಕೂರಿಸಿಕೊಳ್ಳುವಷ್ಟರಲ್ಲಿ ಒಂದು ಭಾನುವಾರ ಹೋಗುತ್ತದೆ. ಪ್ಲೇಸ್ಟೇಷನ್, ಸ್ವಿಚ್‌ನಂಥ ಗೇಮ್ ಕನ್ಸೋಲ್‌ಗೆ ಗೋಡೋದಿಂದ ನೇರ ದಾರಿ ಇಲ್ಲ, ಬೇರೆಯವರ ನೆರವು ಬೇಕು. ಅಳಗುಳಿ ಮಣೆಗೆ ಸ್ವಿಚ್ ಯಾಕೆ ಅಂತ ನಾನು ಸುಮ್ಮನಾದೆ.

ಇನ್ನು ದುಡ್ಡು. ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ಗೆ ಹಾಕಲು ಗೇಮಿಗೆ 100 ಡಾಲರ್ ಕಟ್ಟಬೇಕು, ಗೇಮ್ 1,000 ಡಾಲರ್ ದುಡಿದರೆ ಅದು ವಾಪಸ್. ಅಷ್ಟು ಧೈರ್ಯ ಸದ್ಯಕ್ಕಿಲ್ಲ. ಅಂಥದ್ದೇ ಇನ್ನೊಂದು ಅಂಗಡಿ ಇಚ್ ಡಾಟ್ ಐಓನಲ್ಲಿ ಹಾಕಲು ಏನೂ ಕಟ್ಟಬೇಕಿಲ್ಲ, ಅವರಿಗೆ ಎಷ್ಟು ಪಾಲು ಅಂತ ನಾವೇ ತೀರ್ಮಾನಿಸಬಹುದು. ಆದ್ದರಿಂದ ಮೊದಲು ಅಲ್ಲಿ.

ಒಂದು ವಿಷಯದಲ್ಲಿ ದೊಡ್ಡ ಎಂಜಿನ್ನೇ ಮುಂದೆ. ನಿಮಗೆ ಬೆಂಗಳೂರಿನ ಗೇಮ್ ಕಂಪನಿಯಲ್ಲಿ ಕೆಲಸ ಬೇಕೆಂದರೆ ದೊಡ್ಡ ಎಂಜಿನ್ನುಗಳಲ್ಲಿ ಒಂದನ್ನು ಕಲಿಯಿರಿ, ಸಂದರ್ಶನದಲ್ಲಿ ಕೇಳುವುದು ಅದನ್ನೇ. ನನ್ನ ಹಾಗೆ ಕೆಲಸ ಬಿಡದೆ, ರಾತ್ರಿ ಎರಡು ಗಂಟೆ ಕೂತು, ಸ್ವಂತ ಆಟ ಮಾಡುವವರಾದರೆ, ಅದರಲ್ಲೂ ಕನ್ನಡ ಮಾತು ಇರುವ ಆಟವಾದರೆ, ಗೋಡೋ. ಅಕ್ಷರವೇ ಇಲ್ಲದ, ಬರೀ ನೆಗೆಯುವ ಓಡುವ ಆಟವಾದರೆ ಗೆಳೆಯರು ಹೇಳಿದ್ದೇ ಸರಿ, ಯಾವುದಾದರೂ ಆದೀತು. ಯಾವುದನ್ನೇ ಹಿಡಿದರೂ ಮೊದಲ ದಿನವೇ 'ಸ್ತ್ರೀ' ಟೈಪ್ ಮಾಡಿ ನೋಡಿ. ಪ್ಲಗಿನ್ ಆಮೇಲೆ ಕೊಳ್ಳಿ.

214 ಮಾತು ಈಗ 380 ಆಗಿದೆ. ತಿದ್ದಲು ಹತ್ತು ಸೆಕೆಂಡ್ ಸಾಕಾದ ಮೇಲೆ ಅಜ್ಜಿಯ ಬಾಯಿ ನಿಲ್ಲುತ್ತಿಲ್ಲ. ದೀಪಾವಳಿಗೆ ಊರಿಗೆ ಹೋದಾಗ ಮತ್ತೆ ನನ್ನ ನಿಜವಾದ ಅಜ್ಜಿಯ ಕೈಗೆ ಫೋನ್ ಕೊಟ್ಟೆ. ಈ ಸಲ ಓದಲು ಏನೂ ತೊಂದರೆ ಆಗಲಿಲ್ಲ. ಎರಡು ಆಟ ಆಡಿದರು, ಎರಡನ್ನೂ ಸೋತರು, ಫೋನ್ ವಾಪಸ್ ಕೊಟ್ಟರು.

'ಖಾಲಿ ಕುಳಿ ಬಂದ್ರೆ ಅದರ ಮುಂದಿನ ಕುಳಿ ಬೀಜ ತಗೋಬೇಕಲ್ವೇನೋ? ನಿನ್ನ ಅಜ್ಜಿ ನನಗೆ ಕೊಡ್ತಾನೇ ಇಲ್ಲ. ಮೋಸ ಮಾಡ್ತಾಳೆ.'

ಒಂಬತ್ತೂವರೆ ಆಯಿತು, ಹೋಗಿ ಅದನ್ನು ಸರಿಮಾಡಬೇಕು.