ಬುಧವಾರ ರಾತ್ರಿಯ ಬೌಲಿಂಗ್ ಲೀಗ್: ಹನ್ನೆರಡು ವಾರ ಆಡಿದ ಮೇಲೆ

ದಕ್ಷಿಣ ಬೆಂಗಳೂರಿನ ಮಾಲ್ ಒಂದರ ಮೇಲಂತಸ್ತಿನಲ್ಲಿರುವ ಬೌಲಿಂಗ್ ಕೇಂದ್ರವು ಹವ್ಯಾಸಿಗಳಿಗಾಗಿ ನಡೆಸುವ ಲೀಗ್‌ನಲ್ಲಿ ಈ ಸಲ ನಾನು ಪೂರ್ತಿ ಹನ್ನೆರಡು ವಾರ ಆಡಿದೆ. ಶುಲ್ಕ ತಲಾ 7,200 ರೂಪಾಯಿ. ಪ್ರತಿ ಬುಧವಾರ ರಾತ್ರಿ 8 ಗಂಟೆಗೆ ಮೂರು ಆಟಗಳು, ಶೂ ಬಾಡಿಗೆಯೂ ಅದರಲ್ಲೇ ಸೇರಿದೆ. ಬೌಲಿಂಗ್ ತಂಡ ಸೇರಿದ್ದೇನೆ ಎಂದಾಗ ನಮ್ಮ ಸೋದರಮಾವ “ಸ್ಪಿನ್ನೋ, ಫಾಸ್ಟೋ?” ಎಂದು ಕೇಳಿದರು. ಚಂದ್ರಶೇಖರ್, ಪ್ರಸನ್ನರ ಆಟ ನೋಡಿ ಬೆಳೆದವರು ಬೇರೇನು ಕೇಳಿಯಾರು! ಲಗೋರಿಯ ದೊಡ್ಡಣ್ಣ ಎಂದುಕೊಳ್ಳಿ ಮಾವ, ಕಲ್ಲಿನ ಬದಲು ಚೆಂಡು ಉರುಳಿಸಿ ಬೀಳಿಸುವ ಹತ್ತು ಪಿನ್ನು, ಬಿದ್ದದ್ದನ್ನು ಜೋಡಿಸುವ ಕೆಲಸ ಯಂತ್ರದ್ದು ಎಂದು ಹೇಳಿದ ಮೇಲೆ ಅವರಿಗೆ ಸಮಾಧಾನವಾಯಿತು.

ಮೊದಲು ಮೆಚ್ಚುಗೆಯ ಮಾತು. ನನ್ನಂಥ ಸಾಧಾರಣ ಆಟಗಾರನೂ ಈ ಲೀಗ್‌ನಲ್ಲಿ ಲೆಕ್ಕಕ್ಕೆ ಬರುತ್ತಾನೆ. ಅದಕ್ಕೆ ಕಾರಣ ಹ್ಯಾಂಡಿಕ್ಯಾಪ್. ಇನ್ನೂರರಿಂದ ಆಟಗಾರನ ಸರಾಸರಿಯನ್ನು ಕಳೆದು, ಉಳಿದದ್ದರ ಶೇಕಡ 80ರಷ್ಟನ್ನು ಅವನ ಪ್ರತಿ ಆಟದ ಅಂಕಕ್ಕೆ ಸೇರಿಸುತ್ತಾರೆ. ನನ್ನ ಸರಾಸರಿ 112, ಹಾಗಾಗಿ ನನಗೆ 70 ಸೇರುತ್ತದೆ. 170ರ ಸರಾಸರಿಯ ಎದುರಾಳಿಗೆ 24 ಮಾತ್ರ. ಆದರೂ ಇಬ್ಬರೂ ತಮ್ಮ ಸರಾಸರಿಯಷ್ಟೇ ಆಡಿದರೆ ಗೆಲ್ಲುವವರು ಅವರೇ, ನಾನು ಗೆಲ್ಲಬೇಕಾದರೆ ಆ ದಿನ ನನ್ನ ಮಟ್ಟಕ್ಕಿಂತ ಮೇಲೇರಬೇಕು. ಮೊದಲ ವಾರಗಳಲ್ಲಿ ಬೇಕೆಂದೇ ಕಳಪೆಯಾಗಿ ಆಡಿ ಸರಾಸರಿ ಇಳಿಸಿಕೊಳ್ಳುವ ಚಾಲಾಕಿಗಳು ಎಲ್ಲೆಡೆಯೂ ಇರುತ್ತಾರೆ. ಇಲ್ಲಿ ಪ್ರತಿ ಗುರುವಾರ ಬೆಳಿಗ್ಗೆ ಹೊಸ ಸರಾಸರಿಗಳ ಪಟ್ಟಿಯನ್ನು ವಾಟ್ಸ್ಆ್ಯಪ್‌ಗೆ ತಪ್ಪದೆ ಹಾಕುವುದರಿಂದ ಆ ಆಟ ಹೆಚ್ಚು ದಿನ ನಡೆಯುವುದಿಲ್ಲ. ಐದನೆಯ ವಾರ ನಾನು 163 ಹೊಡೆದು ಬೀಗಿದೆ. ಮರುವಾರ 94.

ಇನ್ನು ಲೇನ್‌ಗಳ, ಅಂದರೆ ಚೆಂಡು ಉರುಳುವ ಹಲಗೆಯ ಹಾದಿಗಳ ವಿಚಾರ. ಆಟಗಾರ ದಾಟಬಾರದ ಫೌಲ್ ಗೆರೆಯಿಂದ ಎಲ್ಲಕ್ಕಿಂತ ಮುಂದಿರುವ ಪಿನ್ನಿನವರೆಗೆ 60 ಅಡಿ. ಅದರಲ್ಲಿ ಸುಮಾರು 40 ಅಡಿಯವರೆಗೆ ತೆಳುವಾಗಿ ಎಣ್ಣೆ ಬಳಿದಿರುತ್ತಾರೆ, ನಡುವೆ ಹೆಚ್ಚು, ಅಂಚಿನಲ್ಲಿ ಕಡಿಮೆ. ಎಣ್ಣೆಯ ಮೇಲೆ ಜಾರಿಕೊಂಡು ಹೋದ ಚೆಂಡು ಒಣ ಭಾಗ ಸಿಕ್ಕೊಡನೆ ಹಲಗೆಯನ್ನು ಕಚ್ಚಿ ತಿರುಗಬೇಕು. ಈ ಕೇಂದ್ರದವರು ಎಣ್ಣೆ ಬಳಿಯುವುದು ಮಧ್ಯಾಹ್ನ. ಆಮೇಲೆ ಸಂಜೆಯವರೆಗೆ ಹುಟ್ಟುಹಬ್ಬದ ಮಕ್ಕಳು, ಆಫೀಸಿನ ತಂಡಗಳು ಆಡಿ ಮುಗಿಸುವಷ್ಟರಲ್ಲಿ ನಡುವಿನ ಎಣ್ಣೆಯೆಲ್ಲ ತೇಲಿ ಎಲ್ಲೆಲ್ಲಿಗೋ ಹೋಗಿರುತ್ತದೆ. ಕೇಂದ್ರದ ಪ್ಲಾಸ್ಟಿಕ್ ಚೆಂಡನ್ನು ನೇರವಾಗಿ ಉರುಳಿಸುವ ನನಗೆ ಇದು ಅಷ್ಟಾಗಿ ತಟ್ಟಲಿಲ್ಲ. ನಮ್ಮ ತಂಡದ ರಾಯರು, ಬ್ಯಾಂಕಿನಿಂದ ನಿವೃತ್ತರಾದವರು, ತಮ್ಮ ಬೆರಳಿನ ಅಳತೆಗೆ ತೂತು ಕೊರೆಸಿದ ಸ್ವಂತ ಚೆಂಡನ್ನು ಗಾಲಿ ಚೀಲದಲ್ಲಿ ಎಳೆದು ತರುತ್ತಾರೆ. ಅವರು ತಿರುಗಿಸಿ ಬಿಟ್ಟ ಚೆಂಡು ಎಷ್ಟೋ ಸಲ ಅರ್ಧ ದಾರಿಯಲ್ಲೇ ಮಗ್ಗುಲು ಬದಲಿಸಿ ಪಿನ್ನುಗಳ ಎಡಕ್ಕೆ ಹೊರಟುಹೋಗುತ್ತಿತ್ತು. ಲೀಗ್ ಶುರುವಾಗುವ ಮುನ್ನ ಒಮ್ಮೆ ಎಣ್ಣೆ ಹಾಕಿಸಿ ಎಂದು ಅವರು ಮೂರು ಸಲ ಕೇಳಿದರು. ಮೂರು ಸಲವೂ “ಆಯ್ತು ಸಾರ್” ಎಂಬ ಉತ್ತರ ಸಿಕ್ಕಿತು, ಎಣ್ಣೆ ಬೀಳಲಿಲ್ಲ.

ಚೆಂಡುಗಳಲ್ಲಿ 8ರಿಂದ 12 ಪೌಂಡಿನವು ಬೇಕಾದಷ್ಟಿವೆ. ಹೆಬ್ಬೆರಳು ಸಲೀಸಾಗಿ ಹೊಕ್ಕು ಹೊರಬರುವ 14 ಪೌಂಡಿನದು ಒಂದೇ ಒಂದು, ಅದು ಎದುರಾಳಿಗೂ ಬೇಕು. ಶೂಗಳು ಶುಚಿಯಾಗಿವೆ. ತಿಂಡಿಯ ಬಗ್ಗೆ ಹೇಳುವಂಥದ್ದೇನಿಲ್ಲ. ಹೊರಗೆ ಬಂದು ದರ್ಶಿನಿಯಲ್ಲಿ ಕಾಫಿ ಕುಡಿಯಿರಿ.

ನನ್ನ ನಿಜವಾದ ತಕರಾರು ನೆಲದ್ದು. ಬಲಗೈ ಆಟಗಾರ ಕೊನೆಯ ಹೆಜ್ಜೆಯಲ್ಲಿ ಎಡಗಾಲನ್ನು ಜಾರಿಸಿ ಚೆಂಡು ಬಿಡುತ್ತಾನೆ, ಆದ್ದರಿಂದ ಗೆರೆಯ ಹಿಂದಿನ ನೆಲ ಒಣಗಿರಲೇಬೇಕು. ಒಂಬತ್ತನೆಯ ವಾರ, ಮೂರನೆಯ ಆಟದ ಹತ್ತನೆಯ, ಅಂದರೆ ಕೊನೆಯ ಫ್ರೇಮ್ (ಸರದಿ). ಎದುರು ತಂಡ ಆಟ ಮುಗಿಸಿತ್ತು. ಸಮ ಮಾಡಿಕೊಳ್ಳಲು ನನ್ನಿಂದ 18 ಅಂಕ ಬೇಕಿತ್ತು. ಮೊದಲ ಚೆಂಡಿಗೇ ಸ್ಟ್ರೈಕ್, ಹತ್ತೂ ಪಿನ್ನು ಬಿದ್ದವು, ಇನ್ನು ಉಳಿದ ಎರಡು ಚೆಂಡಿನಲ್ಲಿ 8 ಸಾಕು. ಎರಡನೆಯದಕ್ಕೆ ಓಡಿ ಬಂದಾಗ, ಪಕ್ಕದ ಲೇನ್‌ನ ಯಾರೋ ಚೆಲ್ಲಿ ಹೋಗಿದ್ದ ಕೂಲ್‌ಡ್ರಿಂಕ್ಸಿಗೆ ಎಡಗಾಲಿನ ಶೂ ಅಂಟಿಕೊಂಡಿತು. ಕಾಲು ನಿಂತಿತು, ಮೈ ನಿಲ್ಲಲಿಲ್ಲ, ಬಲಗಾಲು ಗೆರೆ ದಾಟಿತು. ಚೆಂಡು ಮಾತ್ರ ಹೋಗಿ ಒಂಬತ್ತು ಪಿನ್ನು ಉರುಳಿಸಿತು. ಬಜರ್ ಕೂಗಿ ಪರದೆಯ ಮೇಲೆ ಫೌಲ್ ಎಂದು ಬಂತು. ಫೌಲ್ ಆದರೆ ಬಿದ್ದ ಪಿನ್ನುಗಳು ಲೆಕ್ಕಕ್ಕಿಲ್ಲ, ಹತ್ತನ್ನೂ ಮತ್ತೆ ನಿಲ್ಲಿಸುತ್ತಾರೆ. ಕೊನೆಯ ಚೆಂಡಿಗೆ ಏಳು ಬಿದ್ದವು. ಒಂದೇ ಪಿನ್ನಿನಿಂದ ಸೋತೆವು. ನಿಯಮ ನಿಯಮವೇ, ಅದರ ಬಗ್ಗೆ ದೂರಿಲ್ಲ. ಆದರೆ ನೆಲ ಒರೆಸಿ ಎಂದು ನಮ್ಮ ತಂಡದ ಹುಡುಗಿ ಹತ್ತು ನಿಮಿಷ ಮೊದಲೇ ಕೌಂಟರಿಗೆ ಹೋಗಿ ಹೇಳಿ ಬಂದಿದ್ದಳು. ಬಟ್ಟೆ ಹಿಡಿದು ಸಿಬ್ಬಂದಿ ಬಂದದ್ದು ನಾವು ಕೈ ಕುಲುಕಿ ಶೂ ಬಿಚ್ಚುವಾಗ.

ಅದೇ ಸಿಬ್ಬಂದಿಯ ಪರವಾಗಿ ಇದನ್ನೂ ಹೇಳಬೇಕು: ಪಿನ್ನು ಜಾಗ ತಪ್ಪಿ ನಿಂತು ಯಂತ್ರ ಸ್ಥಗಿತಗೊಂಡಾಗಲೆಲ್ಲ ಹಿಂದಕ್ಕೆ ಓಡಿ ಸರಿಪಡಿಸುತ್ತಿದ್ದವನು ಒಬ್ಬನೇ ಹುಡುಗ, ಕೌಂಟರ್ ನೋಡಿಕೊಳ್ಳುವವನೂ ಅವನೇ. ಹದಿನಾರು ತಂಡದವರಿಂದ ಶುಲ್ಕ ಪಡೆದ ಮಾಲೀಕರು ಬುಧವಾರಕ್ಕೆ ಇನ್ನೊಬ್ಬನನ್ನು ಇಡಬಹುದಿತ್ತು.

ನಮ್ಮ ತಂಡ ಹನ್ನೊಂದನೆಯ ಸ್ಥಾನದಲ್ಲಿ ಮುಗಿಸಿತು. ಮುಂದಿನ ಲೀಗ್‌ಗೆ ನಾಲ್ವರೂ ಹೆಸರು ಕೊಟ್ಟಿದ್ದೇವೆ, ಶುಲ್ಕ ಇನ್ನೂ ಕಟ್ಟಿಲ್ಲ. ಸಂಜೆ 7 ಗಂಟೆಗೆ ಎಣ್ಣೆ ಹಾಕುವುದಾಗಿ ಬರೆದು ಕೊಡಿ ಎಂದು ರಾಯರು ಪಟ್ಟು ಹಿಡಿದಿದ್ದಾರೆ.