ಎರಡು ವೆಲ್ಡಿಂಗ್ ಮೆಷಿನ್ ಒಟ್ಟಿಗೆ ಜೋಡಿಸೋಕೆ ಹೋಗ್ಬೇಡಿ

ಒಂದು ಮೆಷಿನ್‌ನಲ್ಲಿ ಪವರ್ ಸಾಲದಿದ್ದರೆ ಪಕ್ಕಕ್ಕೆ ಇನ್ನೊಂದಿಟ್ಟು ಕೇಬಲ್ ಸೇರಿಸಿದರೆ ಆಯ್ತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನನಗಂತೂ ಯಾರೂ ಹೇಳಿರಲಿಲ್ಲ. ನಾನೇ ಯೋಚನೆ ಮಾಡಿ ಕೆಟ್ಟೆ.

ಮಂಡ್ಯದಲ್ಲಿ ನನ್ನದೊಂದು ಸಣ್ಣ ವೆಲ್ಡಿಂಗ್ ಶಾಪ್ ಇದೆ. ಟ್ರೇಲರ್ ಡೋರು, ಗೇಟು, ಕಿಟಕಿ ಗ್ರಿಲ್ ನಮ್ಮ ದಿನದ ಕೆಲಸ. ಹೋದ ಸೀಸನ್‌ನಲ್ಲಿ ಪಾಂಡವಪುರದ ಕಡೆಯ ಒಂದು ಆಲೆಮನೆಯಿಂದ ಫೋನ್ ಬಂತು. ಗಾಣದ ಕೆಳಗಿನ 20 ಎಂಎಂ ಪ್ಲೇಟ್ ಸೀಳು ಬಿಟ್ಟಿದೆ, ಕಬ್ಬು ಕಡಿದು ರಾಶಿ ಹಾಕಿದ್ದೀವಿ, ಇವತ್ತೇ ಬನ್ನಿ ಅಂದರು. ಕಡಿದ ಕಬ್ಬು ದಿನ ಕಳೆದಷ್ಟೂ ತೂಕ ಇಳಿಯುತ್ತೆ. ಅವರ ಆತುರ ನನಗೂ ಅಂಟಿಕೊಂಡಿತು.

ನನ್ನದು ಹಳೇ 300 ಆಂಪ್ಸ್ ಟ್ರಾನ್ಸ್‌ಫಾರ್ಮರ್ ಮೆಷಿನ್. 5 ಎಂಎಂ ವೆಲ್ಡಿಂಗ್ ರಾಡ್ ಹಾಕಿದೆ. ಕಚ್ಚಿ ಹಿಡಿಯುತ್ತೆ, ಉರಿಯಲ್ಲ. ಎಷ್ಟು ಹ್ಯಾಂಡಲ್ ತಿರುಗಿಸಿದರೂ ಅಷ್ಟೇ. ಆಗ ಹೊಳೆದದ್ದು ಪಕ್ಕದ ಊರಿನ ಅಂಗಡಿಯವರ ಮೆಷಿನ್. ಅದೂ ಟ್ರಾನ್ಸ್‌ಫಾರ್ಮರ್ದೇ. ಒಂದು ಎತ್ತು ಎಳೆಯದ ಗಾಡಿಯನ್ನು ಜೋಡೆತ್ತು ಎಳೆಯಲ್ವಾ? ಹೋಗಿ ಕೇಳಿ ತಂದೇಬಿಟ್ಟೆ.

ನನ್ನ ಬುದ್ಧಿವಂತಿಕೆ ಇನ್ನೂ ಮುಗಿದಿಲ್ಲ. ಎರಡೂ ಒಂದೇ ಫೇಸ್‌ಗೆ ಕೊಟ್ಟರೆ ಫ್ಯೂಸ್ ಹೋಗುತ್ತೆ ಅಂತ, ಲೈನಿನ ಆರ್, ವೈ, ಬಿ ಅನ್ನೋ ಮೂರು ಫೇಸ್‌ನಲ್ಲಿ ನನ್ನದನ್ನು ಆರ್ ಮತ್ತು ವೈ ಫೇಸ್‌ಗೆ, ತಂದದ್ದನ್ನು ವೈ ಮತ್ತು ಬಿ ಫೇಸ್‌ಗೆ ಕೊಡೋಣ ಅಂದುಕೊಂಡೆ. ರಾಡ್ ಹಿಡಿಯೋ ಹೋಲ್ಡರ್ ಕಡೆಯ ಎರಡೂ ಕೇಬಲ್ ತುದಿಯ ಲಗ್ ಒಂದೇ ಬೋಲ್ಟ್‌ಗೆ ಬಿಗಿದೆ. ಅರ್ಥ್ ಕಡೆಯದೂ ಹಾಗೇ. ನನ್ನ ಮೆಷಿನ್ ಆನ್ ಮಾಡಿದೆ. ನಮ್ಮ ಶಾಪಿನ ಹುಡುಗ ಎರಡನೇ ಮೆಷಿನ್ನಿನ ವೈರ್ ಎಳೆದುಕೊಂಡು ಬೋರ್ಡ್ ಕಡೆ ಹೊರಟ. ನಮ್ಮ ಕಡೆ ಪ್ಲಗ್ ಎಲ್ಲಿರುತ್ತೆ, ತುದಿ ಸುಲಿದ ಬರೀ ವೈರ್ ತಾನೇ. ಆ ಎರಡು ತುದಿ ದಾರಿಯಲ್ಲಿದ್ದ ತಗಡಿಗೆ ತಾಗಿದವು. ಚಟಾರ್ ಅಂತ ಕಿಡಿ!

‘ಅಣ್ಣಾ, ಇದಿನ್ನೂ ಬೋರ್ಡಿಗೆ ಕೊಟ್ಟೇ ಇಲ್ಲ ಕಣಣ್ಣ!’ ಅಂತ ಹುಡುಗ ವೈರ್ ಬಿಸಾಕಿ ನಿಂತ. ಕಾಲಡಿ ಕಬ್ಬಿನ ಹಾಲು ಚೆಲ್ಲಿ ಒದ್ದೆ, ಕಾಲಲ್ಲಿ ಹವಾಯಿ ಚಪ್ಪಲಿ.

ಆ ಕರೆಂಟ್ ಎಲ್ಲಿಂದ ಬಂತು ಅಂತ ಆಗ ಗೊತ್ತಾಗಲಿಲ್ಲ, ಈಗ ಗೊತ್ತು. ಟ್ರಾನ್ಸ್‌ಫಾರ್ಮರ್‌ಗೆ ಹಿಂದು ಮುಂದು ಅಂತ ಇಲ್ಲ. 415 ವೋಲ್ಟ್ ಕೊಟ್ಟರೆ ಆ ಕಡೆ 70 ವೋಲ್ಟ್ ಕೊಡೋ ಮೆಷಿನ್‌ಗೆ, ಆ ಕಡೆಯಿಂದ 70 ತುಂಬಿದರೆ ಈ ಕಡೆ 415ರ ಹತ್ತಿರ ಬರುತ್ತೆ. ನನ್ನ ಮೆಷಿನ್ ಪಕ್ಕದ್ದಕ್ಕೆ ಹೋಲ್ಡರ್ ಕೇಬಲ್‌ನಿಂದ ಕರೆಂಟ್ ತುಂಬುತ್ತಿತ್ತು. ಆ ಎರಡು ತುದಿ ಹುಡುಗನ ಎರಡು ಕೈಯಲ್ಲಿದ್ದಿದ್ದರೆ ನಾನು ಇದನ್ನು ಬರೆಯುತ್ತಲೂ ಇರಲಿಲ್ಲ. ಈಗಲೂ ನೆನೆಸಿಕೊಂಡರೆ ಹೊಟ್ಟೆ ತೊಳಸುತ್ತೆ.

ಅಲ್ಲಿಗೇ ನಿಲ್ಲಿಸಬೇಕಿತ್ತು. ‘ಎಲ್ಲೋ ಲೀಕೇಜು’ ಅಂತ ನಾನೇ ತೀರ್ಮಾನ ಕೊಟ್ಟು, ಆಫ್ ಮಾಡಿ, ವೈರ್ ಬೋರ್ಡಿಗೆ ಸಿಕ್ಕಿಸಿ, ಮೇನ್ ಎತ್ತಿದೆ. ರಾಡ್ ಇನ್ನೂ ಮುಟ್ಟಿಸಿಯೇ ಇಲ್ಲ, ಎರಡೂ ಮೆಷಿನ್ ಗೊಂಯ್ ಅಂತ ನಡುಗತೊಡಗಿದವು. ಕೇಬಲ್ ನೆಲದ ಮೇಲೆ ಹಾವಿನ ಹಾಗೆ ಜರುಗಿತು. ಆಲೆಮನೆಯ ಫ್ಯೂಸ್‌ನಲ್ಲಿ ಯಾರೋ ಪುಣ್ಯಾತ್ಮರು ದಪ್ಪ ತಾಮ್ರದ ತಂತಿ ಸುತ್ತಿದ್ದರು, ಅದು ಹೋಗಲೇ ಇಲ್ಲ. ಹೊಗೆಯಲ್ಲಿ ತಡಕಾಡಿ ನಾನು ಮೇನ್ ಇಳಿಸುವಷ್ಟರಲ್ಲಿ ವಾರ್ನಿಷ್ ಸುಟ್ಟ ವಾಸನೆ ಬೆಲ್ಲದ ವಾಸನೆಯನ್ನೂ ಮೀರಿಸಿತ್ತು.

ವೈಂಡಿಂಗ್ ಮಾಡುವವರು ಬಿಚ್ಚಿ ನೋಡಿ ನಕ್ಕರು. ‘ಒಂದು ಎತ್ತು ಮೈಸೂರಿಗೆ, ಒಂದು ಎತ್ತು ಬೆಂಗಳೂರಿಗೆ ಎಳೀತಿತ್ತು ಕಣಪ್ಪ’ ಅಂದರು. ಬೇರೆ ಬೇರೆ ಫೇಸ್ ಅಂದರೆ ಎರಡರ ಅಲೆ ಒಂದೇ ಸಲ ಏಳಲ್ಲ, ಬೀಳಲ್ಲ. 70 ವೋಲ್ಟ್‌ನ ಎರಡು ಮೆಷಿನ್ 120 ಡಿಗ್ರಿ ದೂರ ಇದ್ದರೆ ನಡುವಿನ ವ್ಯತ್ಯಾಸವೇ 120 ವೋಲ್ಟ್ ದಾಟುತ್ತೆ. ರಾಡ್ ಕಚ್ಚಿಕೊಂಡು ಬಿಟ್ಟರೆ ಎಷ್ಟು ಕರೆಂಟ್ ಹರಿಯುತ್ತೋ ಹೆಚ್ಚುಕಮ್ಮಿ ಅಷ್ಟು ಸುಮ್ನೆ ಒಂದರೊಳಗಿಂದ ಇನ್ನೊಂದಕ್ಕೆ ಸುತ್ತುತ್ತಿರುತ್ತೆ. ನನ್ನದು ಪೂರ್ತಿ ಹೋಗಿತ್ತು, ತಂದದ್ದು ಅರ್ಧ. ಎರಡನ್ನೂ ಸುತ್ತಿಸಲು 14 ಸಾವಿರ ಆಯ್ತು.

ಒಂದೇ ಫೇಸ್‌ಗೆ, ಒಂದೇ ಕಂಪನಿಯ ಮೆಷಿನ್ ಹಾಕಿದರೆ ಆಗಲ್ವಾ ಅಂತ ಕೇಳುವವರು ಇದ್ದೇ ಇರುತ್ತಾರೆ. ಹೋಲ್ಡರ್ ಕಡೆಯ ತುದಿ ಅದಲುಬದಲಾದರೆ ಎರಡರ ನಡುವೆ 140 ವೋಲ್ಟ್. ಅದೂ ಸರಿಯಾಗಿದ್ದರೂ ಒಂದನ್ನು ಆಫ್ ಮಾಡಿ ವೈರ್ ಕಿತ್ತಾಗ ಆ ಹುಡುಗನ ಕಥೆಯೇ. ಇನ್ವರ್ಟರ್ ಮೆಷಿನ್ ಆದರೆ ಡಿಸಿ, ಫೇಸ್ ಗೋಜಿಲ್ಲ, ನಿಜ. ಆದರೆ ಒಂದೊಂದಕ್ಕೂ ಅದರದೇ ಕಂಟ್ರೋಲ್ ಇರುತ್ತೆ, ಒಂದರ ಕೆಲಸ ಇನ್ನೊಂದಕ್ಕೆ ಗೊತ್ತಾಗಲ್ಲ. 200 ಆಂಪ್ಸ್‌ನಲ್ಲಿ ಒಂದೇ ಮೆಷಿನ್ 5.6 ಕಿಲೋವ್ಯಾಟ್ ಬೆಂಕಿ ಉಗುಳುತ್ತೆ, ಲೈನ್‌ನಿಂದ ಎಳೆಯುವುದು ಇನ್ನೂ ಜಾಸ್ತಿ. ಎರಡನ್ನು ಮನೆ ಲೈನ್ ಎಲ್ಲಿ ತಡೆಯುತ್ತೆ? ಮೆಷಿನ್ ಜೊತೆ ಬಂದ ಪುಸ್ತಕದಲ್ಲೇ ಜೋಡಿಸಬಹುದು ಅಂತ ಬರೆದಿದ್ದರೆ ಮಾತ್ರ ಆ ಮಾತು.

ನಗು ಬರೋದು ಇಲ್ಲಿ. ರಾಡ್ ಉರಿಯದಿದ್ದಾಗ ನನ್ನ ಮೆಷಿನ್‌ಗೆ ಏನೂ ಆಗಿರಲೇ ಇಲ್ಲ, ಲೈನ್‌ನಲ್ಲೇ ವೋಲ್ಟೇಜ್ ಇರಲಿಲ್ಲ. ಅದು ಸುತ್ತಲಿನ ಪಂಪ್‌ಸೆಟ್‌ಗಳೆಲ್ಲ ಓಡುವ ಹೊತ್ತು. ಮಾರನೇ ದಿನ ಅದೇ ಹೊತ್ತಿಗೆ ಮೀಟರ್ ಹಿಡಿದರೆ 415 ಇರಬೇಕಾದ ಕಡೆ 350 ತೋರಿಸಿತು. ಅಂಥ ಲೈನ್‌ಗೆ ಎರಡನೇ ಮೆಷಿನ್ ಹಾಕಿದರೆ ವೋಲ್ಟೇಜ್ ಇನ್ನೂ ಕುಸಿಯುತ್ತೆ ಅಷ್ಟೇ.

ಕೊನೆಗೆ ಆ ಪ್ಲೇಟ್ ಸರಿ ಮಾಡಿದ್ದು ಗೆಳೆಯನ ಒಂದೇ ಮೆಷಿನ್. ಪಂಪ್‌ಸೆಟ್ ನಿಂತ ಮೇಲೆ ಶುರು ಮಾಡಿದ. ಸೀಳನ್ನು ಗ್ರೈಂಡರ್‌ನಲ್ಲಿ ವಿ ಆಕಾರಕ್ಕೆ ತೆರೆದ. ಮೊದಲ ಸಾಲು 3.15 ಎಂಎಂ ರಾಡ್, ಮೇಲಿನವು 4 ಎಂಎಂ, ಎಲ್ಲಾ 7018 ನಂಬರಿನ ರಾಡ್. ಪ್ರತಿ ಸಾಲಿಗೂ ಸ್ಲ್ಯಾಗ್ ಕುಟ್ಟಿ, ಬ್ರಷ್ ಹಾಕಿ, ಮತ್ತೆ ಸಾಲು. ಮೂರು ಗಂಟೆ ಹಿಡಿಯಿತು. 5 ಎಂಎಂ ರಾಡ್ ಮುಟ್ಟಲೇ ಇಲ್ಲ.

ಆಲೆಮನೆಯವರು ಒಳ್ಳೆಯವರು, ಬೈಯಲಿಲ್ಲ, ಬೆಲ್ಲ ಕೊಟ್ಟು ಕಳಿಸಿದರು. ಪಕ್ಕದ ಊರಿನವರು ಮಾತ್ರ, ನಾನು ಈಗ ಮೆಷಿನ್ ಕೇಳೋಕೆ ಹೋದರೆ, ‘ನಿಮ್ಮದು ಶಾಪಲ್ಲೇ ಇದೆ ತಾನೇ? ಫೋಟೋ ಕಳಿಸಿ’ ಅಂತಾರೆ. ಕಳಿಸ್ತೀನಿ.